ಚರ್ಮದ ಚೀಲಕ್ಕೆ ಹುಯ್ದ ನೀರು

ಹುಣಸೂರಿನ ಪೇಟೆ ಬೀದಿಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಬಣ್ಣದ ಅಂಗಡಿ. ಎತ್ತಿನ ಗಾಡಿ, ಅಂಗಡಿಯ ಬೋರ್ಡು, ಮದುವೆಯ ಟ್ರಂಕು, ಏನು ಬಂದರೂ ಬಣ್ಣ ಹೊಡೆದು ಕೊಡುತ್ತಿದ್ದೆ. ಐವತ್ತರ ದಶಕದ ನಡುವೆ ಒಮ್ಮೆ ಮೈಸೂರಿಗೆ ಹೋದಾಗ, ಗ್ಯಾರೇಜೊಂದರಲ್ಲಿ ಗಾಳಿಯ ಒತ್ತಡದಿಂದ ಕಾರಿಗೆ ಬಣ್ಣ ಊದುವುದನ್ನು ಕಂಡು ಬಂದೆ. ಆ ಯಂತ್ರ ಕೊಳ್ಳುವ ತಾಕತ್ತು ನನಗಿರಲಿಲ್ಲ. ಸೊಳ್ಳೆ ಔಷಧಿ ಹೊಡೆಯುವ ಕೈಪಂಪಿನ ಮೂತಿಯನ್ನು ಕಿರಿದು ಮಾಡಿ, ತೆಳು ಬಣ್ಣ ತುಂಬಿ ಊದುವುದನ್ನು ಕಲಿತೆ. ರಟ್ಟಿನಲ್ಲಿ ಚಿತ್ರ ಕತ್ತರಿಸಿ ಅಡ್ಡ ಹಿಡಿದು ಊದಿದರೆ ಹಸಿರು ಹಳದಿಯೊಳಗೆ ಗೆರೆಯಿಲ್ಲದೆ ಕರಗುತ್ತಿತ್ತು. ಕೃಷ್ಣರಾಜನಗರದಿಂದ ಹೆಗ್ಗಡದೇವನಕೋಟೆವರೆಗೆ ಈ ವಿದ್ಯೆ ಬಲ್ಲವನು ನಾನೊಬ್ಬನೇ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಸೊಳ್ಳೆ ಪಂಪಿನ ವಿಷಯ ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ.

ಒಂದು ದಿನ ಊರಿನ ತಂಬಾಕು ವ್ಯಾಪಾರಿಯೊಬ್ಬರು ತಮ್ಮ ಮೋಟಾರ್ ಸೈಕಲ್ಲಿನ ಎರಡು ಪಕ್ಕಕ್ಕೆ ತೂಗುವ ಚರ್ಮದ ಚೀಲಗಳನ್ನು ಬಿಚ್ಚಿ ತಂದು ನನ್ನ ಮುಂದಿಟ್ಟರು. ಯುದ್ಧಕಾಲದ ಮಾಲು. ಹೊಲಿಗೆ ಬಿಟ್ಟಿತ್ತು, ಮೈಯೆಲ್ಲ ಬಿರುಕು.

"ಹೊಸದು ಮಾಡಿಕೊಡಿ. ಎರಡಕ್ಕೂ ತಂಬಾಕಿನ ಎಲೆ ಬರಬೇಕು, ನಿಮ್ಮ ಆ ಊದೋ ಬಣ್ಣದಲ್ಲಿ. ಚೆನ್ನಾಗಿ ಬಂದ್ರೆ ನಮ್ಮ ಏಜೆಂಟರ ಐದು ಮೋಟಾರ್ ಸೈಕಲ್ ಚೀಲಾನೂ ನಿಮಗೇ" ಅಂದರು.

ಚರ್ಮ ಮುಟ್ಟುವುದು ನಮ್ಮ ಮನೆಯ ಕೆಲಸವಲ್ಲ. ಸೇತುವೆ ಬಳಿಯ ಹುಣಸೆಮರದಡಿ ಮೆಟ್ಟು ಹೊಲಿಯುತ್ತಿದ್ದವನನ್ನು ಕರೆಸಿದೆ. ನನಗಿಂತ ಇಪ್ಪತ್ತು ವರ್ಷ ದೊಡ್ಡವನು. ಅವನು ನನ್ನನ್ನು ಬುದ್ಧಿ ಅನ್ನುತ್ತಿದ್ದ, ನಾನು ಅವನನ್ನು ಲೋ ಅನ್ನುತ್ತಿದ್ದೆ. ನೋಡಿ, ಈಗಲೂ ಬರೆಯುವಾಗ ಕೈ ಹಳೆಯ ಚಾಳಿಗೇ ಹೋಗುತ್ತದೆ. ಇನ್ನು ಮುಂದೆ 'ಅವರು' ಎಂದೇ ಬರೆಯುತ್ತೇನೆ. ಬದುಕಿದ್ದಾಗ ಕೊಡದ ಮರ್ಯಾದೆ ಇದು, ಯಾವ ಪುರುಷಾರ್ಥಕ್ಕೋ.

ಆ ಹಿರಿಯರು ಹತ್ತು ದಿನ ಕೂತು ಹಳೆಯ ದಾರ ಬಿಡಿಸಿ, ಅವೇ ತೂತುಗಳಲ್ಲಿ ಹೊಸ ದಾರ ಎಳೆದು ಹೊಲಿದರು. ಬಿರುಕನ್ನೆಲ್ಲ ಉಜ್ಜಿ ನುಣುಪು ಮಾಡಿದರು. ಒಂದು ಸಂಜೆ ಚೀಲಗಳನ್ನು ತಂದು ನಮ್ಮ ಅಂಗಳದಲ್ಲಿ ಗೋಣಿತಾಟಿನ ಮೇಲಿಟ್ಟು, ದೂರ ಸರಿದು ನಿಂತರು.

"ಮ್ಯಾಲ್ ಮೊಕಕ್ಕೆ ಎಣ್ಣೆ ಆಕಿಲ್ಲ ಬುದ್ಧಿ, ಬಣ್ಣ ಇಡೀಲಿ ಅಂತ. ಚೆಂದಾಗಿ ಒಣಗೈತೆ. ನೀರು ಮಾತ್ರ ಸೋಕುಸ್ಬ್ಯಾಡಿ. ಸೋಕುದ್ರೆ ನಾಕು ದಿನ ನೆಳ್ಳಲ್ಲಿ ಒಣಗಬೇಕು."

"ನನಗೇ ಬಣ್ಣದ ಕೆಲಸ ಹೇಳ್ಕೊಡ್ತೀಯೇನೋ?" ಅಂದೆ. ಅವರು ನಕ್ಕು ಹೊರಟರು.

ಅಂಗಡಿಯ ಮೂಲೆಯಲ್ಲೇ ನಮ್ಮ ದೇವರ ಪಟವಿತ್ತು. ಕೇರಿಯಿಂದ ಬಂದ ವಸ್ತುವನ್ನು ನೀರು ಚಿಮುಕಿಸದೆ ಒಳಗೆ ತರುವ ರೂಢಿ ನಮ್ಮಲ್ಲಿರಲಿಲ್ಲ. ಕೊರಳಲ್ಲಿ ಲಿಂಗ ಕಟ್ಟಿದವನಿಗೆ ಮೈಲಿಗೆ ಎಂಬುದಿಲ್ಲ ಎಂದು ಮಠದಲ್ಲಿ ಕೇಳಿ, ತಲೆದೂಗಿ ಬಂದವನೇ ನಾನು. ಆದರೂ ಕೈ ಚೊಂಬಿಗೆ ಹೋಯಿತು. ಚಿಮುಕಿಸಿದರೆ ಸಾಲದು, ಸರಿಯಾಗಿ ಹುಯ್ಯಿ ಎಂದು ಅವ್ವ ಒಳಗಿನಿಂದ ಕೂಗಿದಳು. ಎರಡು ಚೀಲಕ್ಕೂ ಧಾರಾಳವಾಗಿ ಹುಯ್ದೆ. ತಲೆಯೆತ್ತಿದರೆ ಬೀದಿಯಲ್ಲಿ ಆ ಹಿರಿಯರು ನಿಂತಿದ್ದರು. ಗೋಣಿತಾಟು ಮರೆತು ವಾಪಸು ಬಂದಿದ್ದರು. ನಾನು ಚೀಲ ಎತ್ತಿಕೊಂಡ ಮೇಲೆ, ಒದ್ದೆ ತಾಟನ್ನು ಮಡಿಚಿಕೊಂಡು ಹೋದರು.

ನಾಲ್ಕು ದಿನ ಕಾಯಬೇಕಿತ್ತು. ಮಾರನೆಯ ದಿನ ಮುಟ್ಟಿ ನೋಡಿದರೆ ಮೇಲುಮೇಲೆ ಒಣಗಿದ ಹಾಗಿತ್ತು. ವ್ಯಾಪಾರಿ ಬೇರೆ ಅವಸರ ಮಾಡುತ್ತಿದ್ದರು. ಊದಿಬಿಟ್ಟೆ. ದಂಟಿನ ಕಡೆ ಹಸಿರು, ತುದಿಗೆ ಬರುತ್ತಾ ಬಂಗಾರ; ಅಂಥ ಎಲೆಯನ್ನು ನಾನು ಮತ್ತೆಂದೂ ಬಿಡಿಸಿಲ್ಲ.

ವ್ಯಾಪಾರಿಗೆ ಬಹಳ ಹಿಡಿಸಿತು. ಹೊಲಿಗೆ ಯಾರದು ಎಂದು ಕೇಳಿದರು. ಹೇಳಿದೆ. "ಹಾಗಾದ್ರೆ ಅವನನ್ನ ನಮ್ಮ ಗೋದಾಮಿನ ಪಕ್ಕದ ಶೆಡ್ಡಲ್ಲಿ ಕೂರಿಸ್ತೀನಿ. ಬೆಲ್ಟು, ಚೀಲ, ವರ್ಷವಿಡೀ ಕೆಲಸ ಇರುತ್ತೆ" ಅಂದರು. ಆ ಸುದ್ದಿಯನ್ನು ಹುಣಸೆಮರದಡಿ ಮುಟ್ಟಿಸಿದವನು ನಾನೇ. ಮಳೆ ಬಂದರೆ ಗೋಣಿ ಹೊದ್ದು ಮರಕ್ಕೆ ಆತುಕೊಂಡು ಕೂರುತ್ತಿದ್ದ ಮನುಷ್ಯ. "ಮ್ಯಾಲೆ ಸೂರೈತಾ ಬುದ್ಧಿ?" ಎಂದು ಎರಡು ಸಲ ಕೇಳಿದರು.

ವ್ಯಾಪಾರಿ ಬಿಸಿಲಲ್ಲಿ ಪಿರಿಯಾಪಟ್ಟಣಕ್ಕೆ ಎರಡು ಸಲ ಹೋಗಿ ಬಂದರು. ಅಷ್ಟಕ್ಕೇ ಎಲೆಯ ತುಂಬ ಗುಳ್ಳೆ ಎದ್ದಿತು. ಬೆರಳಿಟ್ಟರೆ ಬಣ್ಣ ಹಪ್ಪಳದಂತೆ ಏಳುತ್ತಿತ್ತು. ಚೀಲಗಳನ್ನು ತಂದು ಅಂಗಳದಲ್ಲಿ ಬಿಸಾಡಿ, ಹೊಲಿದವರನ್ನೂ ಕರೆಸಿ, ಯಾಕೆ ಹೀಗಾಯಿತು ಎಂದು ಕೇಳಿದರು.

ಯಾಕೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ನೀರು ಹುಯ್ದೆ ಎಂದರೆ ಯಾಕೆ ಹುಯ್ದೆ ಎಂದೂ ಹೇಳಬೇಕು. ಪೇಟೆಯ ಮುಂದೆ ನಗೆಪಾಟಲು, ಜೊತೆಗೆ ಮುಂದಿನ ಕೆಲಸಕ್ಕೂ ಕಲ್ಲು.

"ಚರ್ಮ ಒಣಗಿರಲಿಲ್ಲ. ಇವನು ಹಸೀದೇ ತಂದುಕೊಟ್ಟ" ಅಂದೆ.

ಆ ಹಿರಿಯರು ಬಾಗಿಲ ಪಕ್ಕದಲ್ಲಿದ್ದ ಚೊಂಬನ್ನು ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ಅವರ ಒಂದು ಮಾತು ಸಾಕಿತ್ತು. ಆದರೆ ಆ ಮಾತು ಆಡಿದ ಮೇಲೂ ಅವರು ಇದೇ ಊರಲ್ಲಿ ನಮ್ಮಂಥವರ ಮೆಟ್ಟು ಹೊಲಿದು ಬದುಕಬೇಕಿತ್ತು.

"ಊಂ ಬುದ್ಧಿ, ಚರ್ಮ ನೆಂದಿತ್ತು" ಅಂದರು.

ಅದು ಸುಳ್ಳಲ್ಲ. ನೆನೆಸಿದವರು ಯಾರು ಎಂಬುದನ್ನಷ್ಟೇ ಬಿಟ್ಟರು.

ಶೆಡ್ಡು ಮೈಸೂರಿನಿಂದ ಬಂದ ಬೇರೊಬ್ಬನ ಪಾಲಾಯಿತು. ನಾನು ಬಣ್ಣ ಕೆರೆದು, ಈ ಸಲ ನಾಲ್ಕು ದಿನ ನೆರಳಲ್ಲಿ ಒಣಗಿಸಿ ಮತ್ತೆ ಊದಿದೆ. ನಿಂತಿತು. ಐದು ಮೋಟಾರ್ ಸೈಕಲ್ಲಿನ ಕೆಲಸವೂ ನನಗೇ ಸಿಕ್ಕಿತು. ಆ ಚೀಲಗಳ ಬಣ್ಣವನ್ನು ಯಾರಾದರೂ ಹೊಗಳಿದರೆ ಇವತ್ತಿಗೂ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ.

ಆ ಮಳೆಗಾಲದಲ್ಲಿ ನನ್ನ ಮೆಟ್ಟಿನ ಉಂಗುಷ್ಟ ಕಿತ್ತುಹೋಯಿತು. ಅದನ್ನೇ ನೆಪ ಮಾಡಿಕೊಂಡು, ತಪ್ಪಾಯಿತು ಎಂದು ಹೇಳಲೇಬೇಕು ಅಂದುಕೊಂಡು ಹುಣಸೆಮರದ ಬಳಿ ಹೋದೆ. ಗೋಣಿ ಹೊದ್ದು ಕೂತಿದ್ದರು. ಮೆಟ್ಟನ್ನು ಎತ್ತಿಕೊಂಡು ಹೆಬ್ಬೆರಳಿನಿಂದ ಒತ್ತಿ ನೋಡಿದರು.

"ನೆಂದೈತೆ ಬುದ್ಧಿ. ಈಗ ಹೊಲುದ್ರೆ ನಿಲ್ಲಾಕಿಲ್ಲ. ಒಣಗುಸ್ಕೊಂಡು ತನ್ನಿ."

ಕುಟುಕು ಇದೆಯೇ ಎಂದು ಅವರ ಮುಖದಲ್ಲಿ ಹುಡುಕಿದೆ. ಇರಲಿಲ್ಲ. ಕೆಲಸದ ಮಾತು, ಅಷ್ಟೆ. ನನ್ನ ಬಾಯಿಂದ ಬಂದದ್ದು "ಆಗಲಿ" ಎಂಬ ಒಂದೇ ಮಾತು. ಅವರು ನೆಲದ ಮೇಲಿಟ್ಟ ಮೆಟ್ಟನ್ನು ಹಾಗೇ ಕಾಲಿಗೆ ಸಿಕ್ಕಿಸಿಕೊಂಡು ಎಳೆಯುತ್ತಾ ಮನೆಗೆ ಬಂದೆ. ಅದೂ ಚರ್ಮವೇ, ಮುಟ್ಟಿದ್ದೂ ಅದೇ ಕೈ. ಆ ಮೆಟ್ಟಿಗೆ ನೀರು ಹುಯ್ಯಬೇಕೆಂದು ನಮ್ಮ ಮನೆಯಲ್ಲಿ ಯಾರಿಗೂ, ಯಾವತ್ತೂ ಅನಿಸಿರಲಿಲ್ಲ.