ಭಾರ ಎತ್ತುವ ವಿಡಿಯೊಗಳು

ಅವತ್ತು ಬೆಳಿಗ್ಗೆ ಕೂಲರಿಗೆ ನೀರು ತುಂಬಲು ಹೊರಟ ನನ್ನ ಗಂಡನನ್ನು ತಡೆದು ನಿಲ್ಲಿಸಿದೆ. ನಾಗಪುರದ ಬೇಸಿಗೆಯಲ್ಲಿ ಅದು ಅವರ ದಿನದ ಮೊದಲ ಕೆಲಸ. ಅದನ್ನು ಮುಗಿಸಿಯೇ ಕಳಮನಾ ಮಾರುಕಟ್ಟೆಯ ಅಂಗಡಿಗೆ ಹೋಗುತ್ತಿದ್ದರು. ನಾನು ಮನೆಯಲ್ಲೇ ಕುಳಿತು ಅನಿಮೇಶನ್ ಮಾಡುವವಳು. ಕಂಪ್ಯೂಟರಿನೊಳಗಿನ ಮುದುಕನೊಬ್ಬ ತುಂಬಿದ ಬಕೆಟ್ ಎತ್ತಬೇಕಿತ್ತು. ನಾನು ಮಾಡಿದ್ದರಲ್ಲಿ ಬಕೆಟ್ ಖಾಲಿ ಇದ್ದಂತೆಯೇ ಕಾಣುತ್ತಿತ್ತು. ಇಂಥವಕ್ಕೆಲ್ಲ ಅವರಿಂದ ಭಾರ ಎತ್ತಿಸಿ, ಫೋನಿನಲ್ಲಿ ಹಿಡಿದು, ಅದನ್ನು ನೋಡಿ ಮಾಡುತ್ತಿದ್ದೆ.

"ಅರ್ಧಾ ತುಂಬಿದ್ರ ನಡೀತೈತಿಲ್ಲ?" ಎಂದರು.

"ಇಲ್ರಿ, ಪೂರಾ ಬೇಕು. ಸುಳ್ಳ ಸುಳ್ಳ ಎತ್ತಿದ್ರ ಗೊತ್ತಾಗ್ತೈತಿ."

ಭಾರ ಮುಖದಲ್ಲಿರುವುದಿಲ್ಲ. ಎಷ್ಟು ಹಲ್ಲು ಕಚ್ಚಿಸಿದರೂ ಸೊಂಟ ತಪ್ಪಿದರೆ ಬಕೆಟ್ ಹಗುರವೇ. ಅದು ನೆಲ ಬಿಡುವ ಮೊದಲೇ ಮೊಣಕಾಲು ಬಗ್ಗಬೇಕು, ಸೊಂಟ ಎದುರು ಬದಿಗೆ ಸರಿಯಬೇಕು, ಖಾಲಿ ಕೈ ತಾನಾಗಿ ಹೊರಗೆ ಚಾಚಬೇಕು. ತೋಳು ಬಿಗಿದ ಮೇಲೂ ಬಕೆಟ್ ಒಂದು ಕ್ಷಣ ಅಲ್ಲೇ ಕೂತಿರಬೇಕು. ಅದಕ್ಕೇ ಫೋನನ್ನು ಸಣ್ಣ ಸ್ಟೂಲಿನ ಮೇಲಿಟ್ಟು, ಕುತ್ತಿಗೆಯಿಂದ ಕೆಳಗಷ್ಟೇ ಹಿಡಿಯುತ್ತಿದ್ದೆ. ಕ್ಯಾಮೆರಾ ನೋಡಿದರೆ ಅವರಿಗೆ ನಗು ಬರುತ್ತಿತ್ತು, ನಕ್ಕರೆ ಮೈ ಸಡಿಲಾಗುತ್ತಿತ್ತು.

ರೆಕಾರ್ಡಿಂಗ್ ನಿಲ್ಲಿಸಿದ ಮೇಲೆ ಸೊಂಟ ಹಿಡಿದುಕೊಂಡು ಹೇಳಿದರು, "ಎಂಥಾ ಡೈರೆಕ್ಟರ್ ಗಂಟುಬಿದ್ದಾಳಪ್ಪ, ಹೀರೋನ ಮಾರೀನ ಬ್ಯಾಡಂತಾಳ."

ಮರುದಿನ ಅಂಗಡಿಗೆ ಹೋಗುವಾಗ ಅವರ ಸ್ಕೂಟರಿಗೆ ಟ್ರಕ್ಕು ಬಡಿಯಿತು. ಆಸ್ಪತ್ರೆ ತಲುಪುವ ಮೊದಲೇ ಹೋಗಿದ್ದರು.

ಹದಿಮೂರನೆಯ ದಿನ, ಬಂದವರ ಊಟ ಮುಗಿದಾಗ, ಅತ್ತೆ ನನ್ನನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡರು. "ದಿನಾ ಅವನ್ನ ಮೊಬೈಲಿನಾಗ ಹಿಡೀತಿದ್ದೆಲ್ಲವಾ. ಹಚ್ಚು, ಅವನ ಮಾತ ಒಮ್ಮಿ ಕೇಳ್ತೀನಿ."

ಉಳಿದವರೂ ಸುತ್ತ ಬಂದು ಕೂತರು. ಹಚ್ಚಿದೆ. ಚೀಲ ಹೊತ್ತ ಬೆನ್ನು, ಸಿಲಿಂಡರ್ ಉರುಳಿಸುವ ಕಾಲು, ಮಂಚ ಸರಿಸುವ ತೋಳು.

"ಮುಂದ ಇರ್ತೈತಿ, ಮುಂದ ಮಾಡ್ರಿ ವೈನಿ," ಎಂದ ಮೈದುನ.

ಮುಂದೆಯೂ ಕಾಲುಗಳೇ. ಧ್ವನಿ ಇತ್ತು, ಆದರೆ ಅದು ನನ್ನದು. "ಮಾರಿ ಆ ಕಡೆ ಮಾಡ್ರಿ. ಮಾತಾಡಬ್ಯಾಡ್ರಿ. ಇನ್ನೊಮ್ಮಿ ಎತ್ರಿ." ಒಂದರ ಹಿಂದೆ ಒಂದು ವಿಡಿಯೊದಲ್ಲಿ ಅದೇ ಮಾತು. ಅತ್ತೆ ಪರದೆಯ ಮೇಲಿನ ಅಂಚಿಗೆ ಬೆರಳಿಟ್ಟು ಕೆಳಗೆ ಎಳೆದರು, ಮಗನ ಮುಖ ಅಲ್ಲೇ ಸ್ವಲ್ಪ ಮೇಲಿದೆ ಎಂಬಂತೆ. ತಲೆ ಎತ್ತಿ ಯಾರನ್ನೂ ನೋಡಲು ನನ್ನಿಂದಾಗಲಿಲ್ಲ.

"ಉಳಿದವು ಕಂಪ್ಯೂಟರಿನಾಗ ಅದಾವ್ರಿ ಅತ್ತಿ. ಹುಡುಕಿ ಕೊಡ್ತೀನಿ," ಎಂದೆ.

ಆ ಮುದುಕನ ದೃಶ್ಯವನ್ನು ಆಮೇಲೆ ಮುಗಿಸಿ ಕಳಿಸಿದೆ. ಈಗ ಬಕೆಟ್ಟಿಗೆ ಭಾರ ಬಂದಿದೆ ಎಂದು ಕೆಲಸ ಕೊಟ್ಟವರು ಮೆಚ್ಚಿ ಬರೆದರು. ಅದನ್ನು ಮನೆಯಲ್ಲಿ ಯಾರಿಗೂ ತೋರಿಸಿಲ್ಲ.

ನಾನು ಚಹಾ ಕೊಡುವಾಗ ಅತ್ತೆ ಈಗಲೂ ಕೇಳುತ್ತಾರೆ, "ಸಿಕ್ತೇನವಾ?" ಹುಡುಕುತ್ತಿದ್ದೇನೆ ಎನ್ನುತ್ತೇನೆ. ಕಂಪ್ಯೂಟರಿನಲ್ಲಿ ಏನೂ ಇಲ್ಲ ಎಂದು ನನಗೆ ಅವತ್ತೇ ಗೊತ್ತಿತ್ತು. ಫೋಟೊಗಳಿವೆ. ಮದುವೆಯ ವಿಡಿಯೊ ಇದೆ, ಅದರಲ್ಲಿ ಬರೀ ಬ್ಯಾಂಡಿನ ಸದ್ದು. ಅವರು ಮಾತಾಡಿದ್ದು ಎಲ್ಲೂ ಇಲ್ಲ.