ಗಾಲಿ ಹಿಂದಿನ ಕರಿ ಹಗ್ಗ

ಗಂಗಾವತಿಯ ಮಾರೆಪ್ಪಗ ಆ ಗಾಡಿ ಕಂಡ್ರ ಹೇಸಿಗಿ. ಗಾಡಿ ಅವಂದಲ್ಲ, ಧಣಿ ಗವಿಸಿದ್ದಪ್ಪಂದು. ಎತ್ತರದ ಡೀಸೆಲ್ ಗಾಡಿ, ಒಂದ್ ಕಾಲದಾಗ ಯಾರೋ ದೊಡ್ಡವ್ರು ಏಸಿ ಹಾಕ್ಕೊಂಡು ಅಡ್ಡಾಡಿದ್ದು. ಈಗ ಹಿಂದಿನ ಸೀಟು ಕಿತ್ತು ಹಲಗಿ ಬಡದು, ಭತ್ತದ ನಾಟಿ ಹೆಣ್ಣಮಕ್ಕಳನ್ನ ಬುತ್ತಿ ಸಮೇತ ತುಂಬಿಕೊಂಡು ನವಲಿ ಗದ್ದಿಗೆ ಬಿಡೋದು ಮಾರೆಪ್ಪನ ಕೆಲಸ. ಅವನ ಹೇಣ್ತಿ ಮುದಕಮ್ಮನೂ ನಾಟಿಯಾಕಿನ. ಆಕಿ ಮುಂದಿನ ಸೀಟಿನ್ಯಾಗ ಕುಂದರತಿದ್ಲು.

ಹೇಸಿಗಿ ಹಳೇ ಗಾಡಿ ಅಂತಲ್ಲ. ಹೇಸಿಗಿ ಆ ಹಗ್ಗಕ್ಕ. ಅಮಾಸಿ ಬಂತಂದ್ರ ಗವಿಸಿದ್ದಪ್ಪ ಜಳಕಾ ಮಾಡಿ, ಹಣಿತುಂಬ ವಿಭೂತಿ ಬಳಕೊಂಡು ಬಂದು, ಕರಿ ಉಣ್ಣಿ ಹಗ್ಗದಾಗ ಲಿಂಬಿಹಣ್ಣು, ಮೆಣಸಿನಕಾಯಿ ಪೋಣಿಸಿ ಗಾಡಿಗೆ ಕಟ್ಟತಿದ್ದ. ಎಲ್ಲಾರೂ ಬಂಪರಿಗೆ ಕಟ್ಟತಾರ. ಈ ಪುಣ್ಯಾತ್ಮಗ ಹಂಗಾಗಂಗಿಲ್ಲ! ಮಂದಿ ಕಣ್ಣಿಗೆ ಕಂಡ್ರ ದೃಷ್ಟಿ ಇಳಿಯಂಗಿಲ್ಲಂತ, ಎಡಗಡೆ ಮುಂದಿನ ಗಾಲಿ ಹಿಂದ ಕೈ ತೂರಿಸಿ ಕಟ್ಟತಿದ್ದ. ಹಳೇದು ಬಿಚ್ಚೋದಿಲ್ಲ, ಅದರ ಮ್ಯಾಲ ಹೊಸದು.

ನಾಟಿ ಶುರುವಾತು, ಗಾಡೀಗೆ ಹುಚ್ಚು ಹಿಡೀತು. ಬ್ರೇಕ್ ಒತ್ತಿದ್ರ ಸ್ಟೇರಿಂಗು ಬಲಕ್ಕ ಎಳೀಲಿಕ್ಕೆ ಹತ್ತಿತು. ಕನಕಗಿರಿ ದಾಟಿ ತಿರುವಿನ್ಯಾಗ ಎದುರಿಗೆ ಲಾರಿ ಬಂತು. ಮಾರೆಪ್ಪ ಬ್ರೇಕ್ ತುಳದ, ಗಾಡಿ ಲಾರಿ ಕಡೇನ ಹೊಳ್ಳಿತು. ಹಿಂದಿನವ್ರು ಲಬೋ ಲಬೋ ಅಂದ್ರು. ಮುದಕಮ್ಮನ ಹಣಿ ಮುಂದಿನ ಗಾಜಿಗೆ ಬಡದು ಬಾತು ಹೋತು.

ಟಾಯರಿನ ಗಾಳಿ ನೋಡಿಸಿದ, ಎರಡೂ ಕಡೆ ಸರಿ ಇತ್ತು. ಅಲೈನ್‌ಮೆಂಟ್ ಮಾಡಿಸಿದ, ಅದೇ ಹಾಡು. ಸುಮ್ಮನ ಓಡಿಸಿದ್ರ ಗಾಡಿ ನೆಟ್ಟಗ ಹೋಗತೈತಿ, ಬ್ರೇಕ್ ಒತ್ತಿದಾಗಷ್ಟ ಎಳೀತೈತಿ. ಅಂದಮ್ಯಾಲ ಸ್ಟೇರಿಂಗಿನ ತಪ್ಪಲ್ಲ. ಬ್ರೇಕ್ ಎಣ್ಣಿ ಡಬ್ಬಿ ನೋಡಿದ್ರ ತಳ ಕಂಡಿತ್ತು.

ಧಣೀಗೆ ಹೇಳಿದ. "ಯಾವಳದೋ ಕಣ್ಣು ಬಿದ್ದೈತಲೇ," ಅಂದು ಗವಿಸಿದ್ದಪ್ಪ ಮತ್ತೊಂದು ಹಗ್ಗ ಕಟ್ಟಿದ.

ಕಡೀಕ ಮಾರೆಪ್ಪ ತಾನ ಗಾಡೀನ ಮೆಕ್ಯಾನಿಕ್ ಶಾಮೀದಸಾಬನ ಹತ್ರ ಒಯ್ದ. ಗಾಲಿ ಬಿಚ್ಚಿದ್ದೇ ತಡ, ಇಬ್ರೂ ಮೂಗು ಮುಚ್ಚಿಕೊಂಡ್ರು. ಥೂ! ಕೊಳತ ಲಿಂಬಿಹಣ್ಣು, ಕುಂಕುಮದ ರಾಡಿ, ಸತ್ತ ಹುಳ, ಗದ್ದಿ ಕೆಸರು, ಎಲ್ಲಾ ಕೂಡಿ ಒಂದು ಕರಿ ಮುದ್ದಿ. ಆ ಮುದ್ದಿ ಒಳಗ, ಬ್ರೇಕ್ ಎಣ್ಣಿ ಹೋಗೋ ರಬ್ಬರ್ ಪೈಪು. ಹಗ್ಗ ತಿಕ್ಕಿ ತಿಕ್ಕಿ ಪೈಪು ಸವದು, ಎಣ್ಣಿ ಜಿನುಗಿ ಬ್ರೇಕ್ ಪ್ಯಾಡಿಗೆ ಹತ್ತಿತ್ತು. ಎಡಗಾಲಿ ಹಿಡೀತಿದ್ದಿಲ್ಲ, ಬಲಗಾಲಿ ಒಂದ ಹಿಡೀತಿತ್ತು.

"ಇವತ್ತಿಲ್ಲ ನಾಳಿ ಪೈಪು ಒಡೀತೈತಿ ತಮ್ಮಾ. ಆಮ್ಯಾಲ ಬ್ರೇಕ ಇಲ್ಲ," ಅಂದ ಶಾಮೀದಸಾಬ.

"ಹಗ್ಗ ಕೊಯ್ದು ಹೊಸಾ ಪೈಪು ಹಾಕು ಚಾಚಾ."

"ನಿಮ್ಮ ದೇವ್ರ ಹಗ್ಗ ನಾ ಕೊಯ್ದೆ ಅಂದ್ರ ನಾಳಿ ನನ್ನ ಅಂಗಡಿ ಮುಂದ ಮಂದಿ ಕೂಡತೈತಿ. ಧಣೀನ್ನ ಕೇಳು."

ಅದೂ ಖರೇನ. ಮಾರೆಪ್ಪ ಫೋನ್ ಹಚ್ಚಿದ. "ಹಗ್ಗಕ್ಕೂ ಬ್ರೇಕಿಗೂ ಏನ್ ಸಂಬಂಧಲೇ ಮಬ್ಬ!" ಅಂತ ಗವಿಸಿದ್ದಪ್ಪ ಬೈದ. "ಹಗ್ಗ ಮುಟ್ಟಿದ್ರ ನೋಡು. ನಾಟಿ ಮುಗೀಲಿ. ಅಲ್ಲೀತನಕ ಎಣ್ಣಿ ಹಾಕ್ಕೋಂತ ಓಡ್ಸು."

ಗಾಲಿ ಮತ್ತ ಕೂಡಿಸಿ, ಗಾಡೀನ ಮೆಲ್ಲಕ ತಂದು ಧಣಿ ಮನಿ ಮುಂದ ನಿಲ್ಲಿಸಿದ. ಮರುದಿನ ಹುಣ್ಣಿಮಿ. ಈ ಗಾಡಿ ನಾ ಓಡಸಂಗಿಲ್ಲ ಅಂತ ಮಾರಿ ಮ್ಯಾಲ ಹೇಳಾಕ ಹೋದ್ರ, ಹೆಣ್ಣಮಕ್ಕಳು ಆಗಲೇ ಹತ್ತಿ ಕುಂತಿದ್ರು, ಮುದಕಮ್ಮನೂ ಮುಂದ ಕುಂತಿದ್ಲು. ಬಾಜೂಕ ಇನ್ನೊಂದು ಗಾಡಿ ನಿಂತಿತ್ತು, ಬಾಡಿಗೀದು, ಹೊಚ್ಚ ಹೊಸದು. ಧಣಿ ಹೇಣ್ತಿ, ಮೊಮ್ಮಕ್ಕಳು ಕಾಯಿಬುಟ್ಟಿ ಹಿಡಕೊಂಡು ಅದನ್ನ ಹತ್ತತಿದ್ರು.

"ಎಲ್ಲಿಗ್ರೀ ಧಣಿ? ನಮ್ಮ ಗಾಡಿ ಐತೆಲ್ರೀ."

"ಹುಲಿಗಿ ಅಮ್ಮನ ಗುಡಿಗಲೇ. ಹೆಣ್ಣಮಕ್ಕಳು, ಸಣ್ಣ ಹುಡುಗ್ರು ಅದಾರ, ಅದರಾಗ ಹೆಂಗ ಕರಕೊಂಡ್ ಹೋಗ್ಲಿ?"

ಹಲಗಿ ಮ್ಯಾಲಿನ ಹೆಣ್ಣಮಕ್ಕಳಿಗೂ ಆ ಮಾತು ಕೇಳಿಸ್ತು. ಮಾರೆಪ್ಪಗ ನಿನ್ನಿ ನಾತ ಮತ್ತ ಮೂಗಿಗೆ ಬಡದಂಗಾತು. ಗಾಡ್ಯಾಗಿನ ಬ್ಲೇಡು ತಗೊಂಡ, ತನ್ನ ಗಾಡಿ ಗಾಲಿ ಹಿಂದ ಕೈ ಹಾಕಿ, ಆ ಮುದ್ದೀನ ಕೊಯ್ದು ಎಳದ. ಎಣ್ಣಿ ಸುರಿಯೋ ಹಗ್ಗ ಹಿಡಕೊಂಡು ಬಾಡಿಗಿ ಗಾಡಿ ಎಡಗಾಲಿ ಹತ್ರ ಮೊಣಕಾಲೂರಿ ಕುಂತ.

"ಏನ್ ಮಾಡಾಕತ್ತಿಯಲೇ?"

"ಸಣ್ಣ ಹುಡುಗ್ರು ಅದಾರಲ್ರೀ ಧಣಿ. ದೃಷ್ಟಿ ಆದೀತು, ಕಟ್ಟತೀನಿ." ಕೈ ಒಳಗ ತೂರಿಸಿದ.

"ಏ ಹುಚ್ಚ, ಬ್ಯಾಡೋ! ತಗೀ ಕೈ! ಅಲ್ಲಿ ಬ್ರೇಕ್ ಪೈಪ್ ಐತೋ!"

ಓಣಿಗೆಲ್ಲಾ ಕೇಳುವಂಗ ಗವಿಸಿದ್ದಪ್ಪ ಒದರಿದ. ಒದರಿದ ಮ್ಯಾಲ ಬಾಯಿಗೆ ಕೈ ಅಡ್ಡ ಹಿಡದ.

ಮೊದಲು ಇಳಿದಾಕಿ ಮುದಕಮ್ಮ, ಹಣಿ ಇನ್ನೂ ಬಾತಿತ್ತು. ಆಕಿ ಹಿಂದ ಉಳಿದವ್ರೂ ಇಳದ್ರು. ಮಾರೆಪ್ಪ ಗಾಡಿ ಕೀಲೀನ ಆ ಹಗ್ಗದ ಗಂಟಿನ್ಯಾಗ ಸಿಗಿಸಿ, ಗವಿಸಿದ್ದಪ್ಪನ ಕೈಯಾಗ ಇಟ್ಟ. ಹೆಣ್ಣಮಕ್ಕಳು ಬುತ್ತಿ ಗಂಟು ತಲಿ ಮ್ಯಾಲ ಇಟಗೊಂಡು ಬಸ್‌ಸ್ಟ್ಯಾಂಡಿನ ಕಡೆ ನಡದ್ರು.