ನಾವು ಅಂದವನು

ಪಿಟೀಲು ಅಂತ ಅವಳಿಗೆ ಹೆಸರಿಟ್ಟವಳು ನಾನೇ. ನನ್ನ ಅಕ್ಕನ ಮಗಳು ಅವಳು. ಮಾತು ಬಂದ ದಿನದಿಂದ ಒಂದೇ ಸಮ ಕೊರೆತ. "ಚಿಕ್ಕಮ್ಮ, ಮನೆಯಿಂದ ಹೋಗ್ತಾ 'ಬರ್ತೀನಿ' ಅಂತೀವಲ್ಲ, ಯಾಕೆ?" "ಚಿಕ್ಕಮ್ಮ, ನೀನು ಬಟ್ಟೆಗೆ ಕತ್ತರಿ ಹಾಕ್ತೀಯ, ಅಪ್ಪ ಖರ್ಚಿಗೆ ಕತ್ತರಿ ಹಾಕ್ತಾರಂತೆ, ಆ ಕತ್ತರಿ ಎಲ್ಲಿದೆ?" ನಾನು ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಯಾರದೋ ಪ್ಯಾಂಟಿನ ಅಂಚು ಮಡಿಸ್ತಿರೋ ಹೊತ್ತಲ್ಲೇ ಇವೆಲ್ಲ ನೆನಪಾಗೋದು ಅವಳಿಗೆ. "ಪಿಟೀಲು ಕುಯ್ಯಬೇಡ ಕಣೇ, ಆಚೆ ಹೋಗು" ಅಂತ ಬೈದು ಬೈದು ಅದೇ ಹೆಸರಾಯ್ತು.

ನನ್ನದು ಬಟ್ಟೆ ಸರಿಮಾಡೋ ಅಂಗಡಿ. ಹೊಸದೇನೂ ಹೊಲಿಯಲ್ಲ. ಉದ್ದ ಇದ್ದದ್ದನ್ನ ಗಿಡ್ಡ ಮಾಡೋದು, ಬಿಗಿ ಇದ್ದದ್ದನ್ನ ಸಡಿಲ ಮಾಡೋದು, ಕಿತ್ತುಹೋದ ಜಿಪ್ಪು ಹಾಕೋದು. ಅಂಗಡಿಯ ಹಿಂದಿನ ಎರಡು ಕೋಣೆಯಲ್ಲಿ ನಾನು, ನನ್ನ ಮಗ. ಮೇಲಿನ ಮಹಡಿಯಲ್ಲಿ ಅಕ್ಕನ ಸಂಸಾರ. ನನ್ನ ಮಗನನ್ನ ಮನೆಮಂದಿಯೆಲ್ಲ ದೊರೆ ಅಂತ ಕರೀತಾರೆ. ತಂದೆ ಇಲ್ಲದ ಮಗು ಅಂತ ಎಲ್ಲರೂ ತಲೆ ಮೇಲೆ ಹೊತ್ತು ಬೆಳೆಸಿದ್ದಕ್ಕೆ ಬಂದ ಬಿರುದು ಅದು. ಪಿಟೀಲಿಗಿಂತ ಸ್ವಲ್ಪ ದೊಡ್ಡವನು. ಅಕ್ಕತಂಗಿಯರ ಮಕ್ಕಳು ಅಂದ್ರೆ ಅಣ್ಣತಂಗಿಯರೇ ತಾನೆ? ಒಂದೇ ತಟ್ಟೆಯಲ್ಲಿ ಕಿತ್ತಾಡಿಕೊಂಡು ತಿಂದು ಬೆಳೆದವು.

ದೊರೆ ಪೂರ್ತಿ ಕಂಪ್ಯೂಟರ್ ಓದೋಕೆ ಸೇರಿದ. ಮಧ್ಯೆ ಒಂದು ವರ್ಷ ಪರೀಕ್ಷೆಯಲ್ಲಿ ಮುಗ್ಗರಿಸಿ ತಂಗಿಯ ಜೊತೆಗೇ ಕೊನೆ ವರ್ಷಕ್ಕೆ ಬಂದ, ಆ ಮಾತು ಬಿಡಿ. ಪಿಟೀಲು ಆರಿಸಿಕೊಂಡದ್ದು ಬೇರೆ ಥರದ ಕೋರ್ಸು. ಅರ್ಧ ಕಂಪ್ಯೂಟರ್, ಅರ್ಧ ಭಾಷಾಶಾಸ್ತ್ರ, ಎರಡೂ ಸೇರಿ ಒಂದೇ ಪದವಿ. ಪಕ್ಕದ ಕನ್ನಡಕದ ಅಂಗಡಿಯವರು ಕೇಳಿದರು, "ಅಂದ್ರೆ ಏನಮ್ಮ, ಕಂಪ್ಯೂಟರಿಗೆ ಅ ಆ ಇ ಈ ತಿದ್ದಿಸ್ತಾಳಾ?" ನಾನೂ ನಕ್ಕೆ. ಅವಳು ಮಾತ್ರ ಗಂಭೀರವಾಗಿ, "ಹೂಂ ಅಂಕಲ್, ಹೆಚ್ಚುಕಮ್ಮಿ ಅದೇ" ಅಂದಳು.

ಆ ಎರಡು ವಿಭಾಗಕ್ಕೂ ಬೇರೆ ಬೇರೆ ಕಟ್ಟಡ, ಮಧ್ಯೆ ಒಂದು ರಸ್ತೆ. ಪಾಪ, ಆ ರಸ್ತೆ ದಾಟಿ ದಾಟಿ ಅವಳ ಚಪ್ಪಲಿ ಸವೆದುಹೋಯ್ತು. ಕಂಪ್ಯೂಟರ್ ಕಟ್ಟಡದವರು ಅವಳನ್ನ ಭಾಷೆಯವಳು ಅನ್ನೋರು. ಭಾಷೆ ಕಟ್ಟಡದವರು ಕಂಪ್ಯೂಟರಿನವಳು ಅನ್ನೋರು. "ಇಬ್ಬರಿಗೂ ನಾನು ಪಕ್ಕದ ಮನೆಯವಳೇ ಚಿಕ್ಕಮ್ಮ" ಅಂತ ನಗ್ತಿದ್ದಳು. ಆದ್ರೂ ಅವಳಿಗೆ ಆ ಓದಿನ ಮೇಲೆ ಜೀವ. ಜನ ಆಡೋ ಮಾತು ಯಂತ್ರಕ್ಕೆ ಅರ್ಥವಾಗೋ ಹಾಗೆ ಮಾಡಬೇಕು, ಅದಕ್ಕೆ ಎರಡೂ ಬೇಕು ಅಂತ ಅವಳ ಹಟ.

ಕೊನೆಯ ವರ್ಷ ಒಂದು ಕೆಲಸ ಮಾಡಿ ತೋರಿಸಬೇಕು. ಇಬ್ಬರು ಸೇರಿ ಮಾಡಬಹುದು. ಆದ್ರೆ ಅವಳ ಪಾಲಿಗೆ ಎರಡೂ ವಿಭಾಗದವರು ಒಪ್ಪಿ ಸಹಿ ಹಾಕಬೇಕು. ಕಂಪ್ಯೂಟರಿನವರು ಒಪ್ಪದಿದ್ರೆ ಆ ಅರ್ಧ ಬಿದ್ದುಹೋಗಿ ಬರೀ ಭಾಷೆಯ ಪದವಿ ಕೈಗೆ ಬರುತ್ತೆ. ಅಷ್ಟು ವರ್ಷ ಬೆವರು ಸುರಿಸಿದ್ದು ನೀರಲ್ಲಿ ಹೋಮ. ಸರಿ, ಅಣ್ಣತಂಗಿ ಕೂಡಿ ಮಾಡೋದು ಅಂತಾಯ್ತು. ನನಗೆ ಎಷ್ಟು ಖುಷಿಯಾಯ್ತು ಅಂತೀರಿ!

ಬೀದಿ ತುದಿಯ ಹಲ್ಲಿನ ಆಸ್ಪತ್ರೆಗೆ ಜನ ಫೋನಲ್ಲಿ ಸಂದೇಶ ಕಳಿಸ್ತಾರೆ, ಯಂತ್ರ ಅದನ್ನ ಓದಿ ಇಂಥ ಹೊತ್ತಿಗೆ ಬನ್ನಿ ಅಂತ ಹೇಳಬೇಕು. ಇದು ಅವರ ಕೆಲಸ. ಮೊದಲ ಸಲ ನಡೆಸಿ ನೋಡಿದಾಗ ಆದ ಫಜೀತಿ ನೆನೆಸಿಕೊಂಡ್ರೆ ಈಗಲೂ ನಗು ಬರುತ್ತೆ. ಒಬ್ಬಾಕೆ ಬರೆದಿದ್ದಳು, "ನಮ್ಮ ಅತ್ತೆಯವರು ಬರ್ತಾರೆ, ಅವರಿಗೆ ಹಲ್ಲುನೋವು." ಯಂತ್ರ ತಿರುಗಿ ಕೇಳ್ತು, "ಒಟ್ಟು ಎಷ್ಟು ಜನ ಅತ್ತೆಯರು?" ಆಕೆ ಆಸ್ಪತ್ರೆಗೇ ಬಂದು, "ಒಬ್ಬರನ್ನ ಸುಧಾರಿಸೋದ್ರಲ್ಲೇ ಸಾಕುಸಾಕಾಗಿದೆ ಕಣ್ರೀ" ಅಂತ ಜಗಳ ತೆಗೆದಳಂತೆ. ಇನ್ನೊಬ್ಬರ ತಂದೆಯವರಿಗೆ ಯಂತ್ರ ಇಡೀ ಬೆಳಗನ್ನೇ ಕಾದಿರಿಸಿತ್ತು, ತಂದೆಯರ ಗುಂಪೇ ಬರುತ್ತೆ ಅಂತ.

ದೊರೆ ತಲೆ ಮೇಲೆ ಕೈ ಹೊತ್ತು ಕೂತ. ಪಿಟೀಲು ಕುಣಿದಾಡಿದಳು. "ಚಿಕ್ಕಮ್ಮ, ಬರ್ತಾರೆ ಅಂದ್ರೆ ಗುಂಪೂ ಆಗಬಹುದು, ಒಬ್ಬರಿಗೆ ಕೊಟ್ಟ ಮರ್ಯಾದೆಯೂ ಆಗಬಹುದು. ಯಾವುದು ಅಂತ ಸುತ್ತಲಿನ ಮಾತು ನೋಡಿ ಯಂತ್ರವೇ ಕಂಡುಹಿಡೀಬೇಕು." ಅವಳ ಕಂಪ್ಯೂಟರ್ ಕೆಟ್ಟು ಕೂತಿತ್ತು. ದೊರೆಯದನ್ನೇ ತಂದು ನಾನು ಬಟ್ಟೆ ಕತ್ತರಿಸೋ ಮೇಜಿನ ಮೇಲೆ ಇಟ್ಟುಕೊಂಡು ವಾರಗಟ್ಟಲೆ ಬರೆದಳು. ಬರೀ ಪದ ಆರಿಸೋದಲ್ಲ ರೀ, ಇಡೀ ಪ್ರೋಗ್ರಾಮು. ಬರೆಯೋಳು, ಓಡಿಸೋಳು, ತಪ್ಪು ಬಂದ್ರೆ ಹಣೆ ಚಚ್ಚಿಕೊಳ್ಳೋಳು, ಅಳಿಸಿ ಮತ್ತೆ ಬರೆಯೋಳು. ನನ್ನ ಕಣ್ಣೆದುರಿಗೇ ನಡೆದದ್ದು. ದೊರೆ ಆಗಾಗ ಬಂದು ಇಣುಕಿ, ಗುಂಡಿ ನೀಲಿ ಇರಬೇಕಾ ಹಸಿರು ಇರಬೇಕಾ ಅಂತ ಕೇಳಿ ಹೋಗ್ತಿದ್ದ. ಕಂಪ್ಯೂಟರ್ ಪರದೆ ಚೆಂದ ಮಾಡೋದು ಅವನ ಪಾಲಿನ ಕೆಲಸ. ಯಾರಾದ್ರೂ ಕೇಳಿದ್ರೆ, "ನಾವು ಒಂದು ಹೊಸದು ಮಾಡ್ತಿದ್ದೀವಿ" ಅನ್ನೋನು. ಕೇಳಿ ನನ್ನ ಹೊಟ್ಟೆ ತಣ್ಣಗಾಗ್ತಿತ್ತು.

ತೋರಿಸೋ ದಿನ ಮನೆಯವರೂ ಬರಬಹುದು ಅಂದಿದ್ದರು. ಅಂಗಡಿಗೆ ಬೀಗ ಹಾಕಿ, ಒಳ್ಳೆ ಬಟ್ಟೆ ಉಟ್ಟು ಹೋದೆ. ದೊಡ್ಡ ಹಾಲು, ನಾವೆಲ್ಲ ಹಿಂದಿನ ಸಾಲು. ಮುಂದೆ ಮೇಷ್ಟರುಗಳು, ಅವರ ಪಕ್ಕ ಯಾವುದೋ ಕಂಪನಿಯವರು. ಇವತ್ತೇ ಒಬ್ಬರನ್ನ ಕೆಲಸಕ್ಕೆ ಆರಿಸ್ತಾರಂತೆ ಅಂತ ಪಕ್ಕದಲ್ಲಿದ್ದವರು ಪಿಸುಗುಟ್ಟಿದರು.

ದೊರೆ ಮಾತಾಡಿದ. ಆಹಾ, ಎಂಥಾ ಮಾತು! "ನಾವು ಈ ತೊಡಕನ್ನ ಗಮನಿಸಿದೆವು. ನಾವು ಹೀಗೆ ಬಿಡಿಸಿದೆವು." ಅತ್ತೆಯ ಕಥೆಗೆ ಹಾಲೆಲ್ಲ ಗೊಳ್ಳೆಂದು ನಕ್ಕಿತು. ಕಂಪನಿಯವರು ಮುಂದಕ್ಕೆ ಬಾಗಿ ಕೂತರು. ಪಿಟೀಲು ಪಕ್ಕದಲ್ಲಿ ನಿಂತು ನಗ್ತಿದ್ದಳು. ಆಗ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರು ಕೇಳಿದರು, "ಪ್ರೋಗ್ರಾಮ್ ಬರೆದವರು ಯಾರು?"

"ನಾವೇ ಸರ್."

"ನಾವು ಅಂದ್ರೆ?"

ದೊರೆ ಕಂಪನಿಯವರ ಕಡೆ ನೋಡಿದ. "ನಾನು ಸರ್. ತಂಗಿ ಪದಗಳನ್ನ ಆರಿಸಿಕೊಟ್ಟಳು. ಅವಳದು ಭಾಷೆ ಅಲ್ವಾ."

ಪಿಟೀಲಿನ ಮುಖದ ಮೇಲೆ ಆ ನಗು ಹಾಗೇ ಉಳಿದುಬಿಟ್ಟಿತ್ತು. ತೆಗೆಯೋದು ಹೇಗೆ ಅಂತ ಗೊತ್ತಾಗದವಳ ಹಾಗೆ ನಿಂತಿದ್ದಳು. ಆಮೇಲೆ ಸಣ್ಣ ದನಿಯಲ್ಲಿ, "ಸರ್, ಅದನ್ನ ಬರೆದದ್ದು ನಾನು" ಅಂದಳು.

"ಬರೆಯೋದು ಅಂದ್ರೆ, ನಾನು ಹೇಳಿದ್ದನ್ನ ಅವಳು ಟೈಪ್ ಮಾಡ್ತಿದ್ದಳು ಸರ್. ಎಲ್ಲ ನನ್ನ ಕಂಪ್ಯೂಟರಲ್ಲೇ ಇದೆ" ಅಂದ ದೊರೆ.

ನನಗೆ ಮೈಯೆಲ್ಲ ಉರಿದುಹೋಯ್ತು. ಎದ್ದು ನಿಂತೆ. "ಸುಳ್ಳು! ಹಸೀ ಸುಳ್ಳು! ನನ್ನ ಅಂಗಡೀಲಿ ಕೂತು ಅವಳೇ ಬರೆದದ್ದು."

"ನೀವು ಯಾರಮ್ಮ?"

"ಇವನ ತಾಯಿ."

ಮುಖ್ಯಸ್ಥರು, "ದಯವಿಟ್ಟು ಕೂತ್ಕೊಳ್ಳಿ, ಮನೆ ವಿಷಯ ಮನೆಯಲ್ಲಿ ಮಾತಾಡಿ" ಅಂದು ಪಿಟೀಲಿನ ಕಡೆ ತಿರುಗಿದರು. "ನೀನೇ ಬರೆದದ್ದಾದ್ರೆ ವಿವರಿಸಮ್ಮ." ವಿವರಿಸಿದಳು. ಒಬ್ಬರಿಗೆ ಕೊಡೋ ಮರ್ಯಾದೆಗೂ ಗುಂಪಿಗೂ ಇರೋ ವ್ಯತ್ಯಾಸ ಎಲ್ಲಿ ಸಿಗುತ್ತೆ, ಯಂತ್ರ ಯಾವುದನ್ನ ಮೊದಲು ನೋಡುತ್ತೆ, ಅನುಮಾನ ಬಂದ್ರೆ ಏನು ಮಾಡುತ್ತೆ, ಒಂದೂ ಬಿಡದೆ ಹೇಳಿದಳು. ಅವರು ತಲೆದೂಗಿದರು. ಕೊನೆಗೆ ಏನಂದರು ಗೊತ್ತಾ? "ಭೇಷ್, ವ್ಯಾಕರಣ ಚೆನ್ನಾಗಿ ಗೊತ್ತಿದೆ ನಿನಗೆ." ಅಯ್ಯೋ ದೇವರೇ! ಅವಳು ಏನು ಹೇಳಿದ್ರೂ ಅವರ ಕಿವಿಗೆ ಬಿದ್ದದ್ದು ಭಾಷೆಯ ಪಾಠ. ಅವಳ ಕಂಪ್ಯೂಟರ್ ಪಾಲಿಗೆ ಸಹಿ ಹಾಕಲೇ ಇಲ್ಲ.

ಆಚೆ ಬಂದು ಮೆಟ್ಟಿಲ ಮೇಲೆ ಕೂತಳು. "ಚಿಕ್ಕಮ್ಮ, ಇಷ್ಟು ದಿನ ಅವನು ನಾವು ನಾವು ಅಂತಿದ್ದನಲ್ಲ, ಇಬ್ಬರು ಅಂದ್ಕೊಂಡಿದ್ದೆ ನಾನು. ಅದು ಒಬ್ಬನೇ." ಯಂತ್ರಕ್ಕೆ ಕಲಿಸಿದ್ದು ಇವಳಿಗೇ ತಿಳಿಯದೆ ಹೋಯ್ತು. ಹೊರಗಿನವರ ಮಾತಾಗಿದ್ರೆ ತಿಳೀತಿತ್ತೇನೋ. ಅಣ್ಣ ಆಡೋ ಮಾತನ್ನ ಯಾರು ಒರೆಗೆ ಹಚ್ಚಿ ನೋಡ್ತಾರೆ ಹೇಳಿ?

ದೊರೆ ಮನೆಗೆ ಬಂದಾಗ ಬಾಗಿಲಲ್ಲೇ ತಡೆದೆ. "ಯಾಕೋ ಹೀಗೆ ಮಾಡಿದೆ? ಒಡಹುಟ್ಟಿದವಳ ಹಾಗೆ ಇದ್ದವಳ ಕತ್ತು ಕುಯ್ದೆಯಲ್ಲೋ!"

"ಅಮ್ಮ, ಕಂಪನಿಯವರು ನನ್ನನ್ನ ಆರಿಸಿದ್ದಾರೆ. ನನಗೆ ಇರೋದು ಇದೊಂದೇ. ಅವಳಿಗೆ ಹೇಗೂ ಇನ್ನೊಂದು ಅರ್ಧ ಇದೆಯಲ್ಲ! ಮನೆಯವಳು ತಾನೆ, ಅರ್ಥ ಮಾಡ್ಕೊಳ್ತಾಳೆ ಬಿಡು."

ಕೆನ್ನೆಗೆ ಬಾರಿಸಿದೆ. ಅವನು ಚಿಕ್ಕವನಿದ್ದಾಗಲೂ ಕೈ ಎತ್ತಿದವಳಲ್ಲ ನಾನು.

ಮಾರನೇ ದಿನ ಒಂದು ದಾರಿ ಕಾಣಿಸ್ತು. ಭಾಷೆಯ ಮೇಷ್ಟ್ರು, ಒಳ್ಳೆ ಮನುಷ್ಯ, ಮುಖ್ಯಸ್ಥರ ಜೊತೆ ವಾದ ಮಾಡಿ ಒಪ್ಪಿಸಿದ್ದರು. ಜೊತೆಗಾರನೇ ಖುದ್ದಾಗಿ ಬಂದು ಇದು ಅವಳ ಕೆಲಸ ಅಂದ್ರೆ ಸಹಿ ಹಾಕ್ತೀವಿ, ಆದ್ರೆ ನಾಳೆ ಸಂಜೆಯೊಳಗೆ ಆಗಬೇಕು ಅಂತ. ದೊರೆಯನ್ನ ಕೂರಿಸಿಕೊಂಡು ಬೈದೆ, ಬೇಡಿಕೊಂಡೆ, ಅತ್ತೆ. ಅವನೂ ಅತ್ತ. ನನ್ನ ಮಡಿಲಲ್ಲಿ ಮುಖ ಇಟ್ಟು ಬಿಕ್ಕಳಿಸಿದ. "ತಪ್ಪಾಯ್ತಮ್ಮ. ನಾಳೆ ಬೆಳಿಗ್ಗೆ ಹೋಗಿ ಹೇಳ್ತೀನಿ. ನಿನ್ನಾಣೆ."

ದಡದಡ ಮೆಟ್ಟಿಲು ಹತ್ತಿ ಮೇಲೆ ಹೋದೆ. ಪಿಟೀಲು ಮಲಗಿಕೊಂಡೇ ಕೇಳಿಸಿಕೊಂಡಳು. "ನಿಜವಾಗ್ಲೂ ಬರ್ತಾನಾ ಚಿಕ್ಕಮ್ಮ?"

"ಹೆತ್ತವಳು ನಾನು, ನನಗೆ ಗೊತ್ತಿಲ್ವೇನೇ? ಬಂದೇ ಬರ್ತಾನೆ. ನೀನು ಹೋಗಿ ಮುಖ್ಯಸ್ಥರ ಕೋಣೆ ಹತ್ತಿರ ಇರು."

ಬೆಳಿಗ್ಗೆ ಅವನ ಅಂಗಿಗೆ ನಾನೇ ಇಸ್ತ್ರಿ ಹಾಕಿಕೊಟ್ಟೆ. ಕಾಲಿಗೆ ನಮಸ್ಕಾರ ಮಾಡಿ ಹೋದ. ಹೋದದ್ದು ಕಂಪನಿಗೆ. ಕೆಲಸಕ್ಕೆ ಸೇರಿ, ಮಧ್ಯಾಹ್ನ ಫೋನ್ ಮಾಡಿ, "ಇಲ್ಲಿ ಯಾರಿಗಾದ್ರೂ ತಿಳಿದ್ರೆ ಕೆಲಸ ಹೋಗುತ್ತಮ್ಮ, ಆಗಲ್ಲ" ಅಂದು ಇಟ್ಟುಬಿಟ್ಟ. ತಿರುಗಿ ಎಷ್ಟು ಮಾಡಿದ್ರೂ ಎತ್ತಲಿಲ್ಲ. ಪಿಟೀಲಿಗೆ ಫೋನ್ ಮಾಡಿ ಹೇಳೋ ಧೈರ್ಯ ನನಗೆ ಬರಲಿಲ್ಲ. ಇನ್ನೂ ಹೊತ್ತಿದೆ, ಮನಸ್ಸು ಬದಲಾಯಿಸಿ ಹೋದ್ರೂ ಹೋದಾನು ಅಂತ ಯಾರದೋ ಕೋಟಿನ ತೋಳು ಬಿಚ್ಚುತ್ತಾ ಕೂತಿದ್ದೆ.

ಸಂಜೆ ಅವಳು ಬಂದಳು. ಅಳ್ತಿರಲಿಲ್ಲ. ಆ ಕೋಣೆಯ ಬಾಗಿಲು ಹಾಕೋವರೆಗೂ ಬೆಂಚಿನ ಮೇಲೆ ಕೂತಿದ್ದಳಂತೆ.

"ಅವನನ್ನ ನಂಬೋದು ನಾನು ಅವತ್ತು ಹಾಲಿನಲ್ಲೇ ಬಿಟ್ಟಿದ್ದೆ ಚಿಕ್ಕಮ್ಮ" ಅಂದಳು. "ಇವತ್ತು ಹೋಗಿ ಕಾದದ್ದು ನೀನು ಹೇಳಿದೆ ಅಂತ."